ದೊಡ್ಡ ಸಿಸ್ಟರ್ ಅವರ ಎರಡು ಇಸಿಜಿಗಳು

ರೌಂಡ್ಸ್ ಮುಗಿಸಿ ಇಳಿದು ಬರುವಾಗ ದೊಡ್ಡ ಸಿಸ್ಟರ್ ಮೆಟ್ಟಿಲ ತಿರುವಿನಲ್ಲಿ ಕಂಬಿ ಹಿಡಿದು ನಿಂತಿದ್ದರು. ಗೋಡೆಗೆ ನೇತುಹಾಕಿದ್ದ ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ಬರಹವನ್ನು ಬಹಳ ಆಸಕ್ತಿಯಿಂದ ಓದುತ್ತಿರುವಂತೆ ನಟಿಸುತ್ತಿದ್ದರು. ನಮ್ಮ ಆಸ್ಪತ್ರೆಯಲ್ಲಿ ಅದನ್ನು ಓದಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

"ಏನ್ ಸಿಸ್ಟರ್, ನಿಂತ್ಬಿಟ್ರಿ?"

"ಏನಿಲ್ಲ ಸಾರ್. ಗ್ಯಾಸ್ಟ್ರಿಕ್ಕು."

ದೊಡ್ಡಬಳ್ಳಾಪುರದ ಕಡೆ ಗಂಟಲಿನಿಂದ ಹೊಕ್ಕುಳಿನವರೆಗೆ ಏನೇ ಆದರೂ ಅದು ಗ್ಯಾಸ್ಟ್ರಿಕ್ಕೇ. ರೋಗಿಗಳು ಹಾಗಂದರೆ ನನಗೆ ಬೇಸರವಿಲ್ಲ. ಆದರೆ ಹಾಗಂದ ರೋಗಿಗಳನ್ನು "ಎಂಥಾ ಗ್ಯಾಸ್ಟ್ರಿಕ್ಕು, ಮೊದ್ಲು ಇಸಿಜಿಗೆ ಮಲ್ಕೊಳ್ಳಿ" ಎಂದು ಗದರಿಸಿ ಮಲಗಿಸುತ್ತಿದ್ದವರೇ ಈ ಸಿಸ್ಟರ್. ಮಣಿಕಟ್ಟು ಹಿಡಿದು ನೋಡಿದೆ. ಒಂದು ಬಡಿತ, ಒಂದು ಖಾಲಿ. ಮತ್ತೊಂದು ಬಡಿತ, ಮತ್ತೊಂದು ಖಾಲಿ.

ನಾನು ಆ ಸಣ್ಣ ಆಸ್ಪತ್ರೆಯ ಫಿಸಿಷಿಯನ್. ಹೃದಯತಜ್ಞನಲ್ಲ, ಹೃದಯದ ವಿಷಯಕ್ಕೆ ತಜ್ಞರಿಗಿಂತ ಹೆಚ್ಚು ಹೆದರುವವನು. ಮನೆಯಲ್ಲಿ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ರೈಲ್ವೆ ಗೇಟಿನಿಂದ ವಾಪಸ್ ಹೋಗಿ ನೋಡಿ ಬರುವ ಜಾತಿ ನನ್ನದು. ನೆಗಡಿ ಅಂತ ಬಂದವರಿಗೂ ನಾನು ಎದೆಯ ಎಕ್ಸ್-ರೇ ಬರೆಯುತ್ತೇನೆ ಎಂದು ಸಿಬ್ಬಂದಿ ಆಡಿಕೊಳ್ಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ದೊಡ್ಡ ಸಿಸ್ಟರ್ ಅಂತೂ ನನ್ನ ಮುಖಕ್ಕೇ ಹೇಳುತ್ತಿದ್ದರು: "ನಿಮ್ಮ ಹತ್ರ ಆರೋಗ್ಯವಾಗಿರೋರು ಬರಬಾರದು ಸಾರ್, ಕಾಯಿಲೆ ಬರಿಸ್ಕೊಂಡು ಹೋಗ್ತಾರೆ."

ಅವತ್ತು ಅವರನ್ನು ಬಲವಂತ ಮಾಡಿ ಇಸಿಜಿ ಕೋಣೆಗೆ ಕಳಿಸಿದೆ. "ನಾನೇ ಹಾಕ್ಕೋತೀನಿ ಸಾರ್. ಇಡೀ ತಾಲೂಕಿಗೆ ಹಾಕಿದೀನಿ, ನಂಗೆ ನಾನು ಹಾಕ್ಕೊಳ್ಳೋಕೆ ಬರಲ್ವಾ?" ಎಂದು ಒಳಗಿನಿಂದ ಚಿಲಕ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಕಾಗದ ಹಿಡಿದು ಹೊರಗೆ ಬಂದರು. ಸೆರಗು ಸರಿಯಾಗಿಯೇ ಇತ್ತು. ಮತ್ತೆ ಸರಿ ಮಾಡಿಕೊಂಡರು.

ಇಸಿಜಿ ಎಂಬುದು ಏನು ಮಾಡುತ್ತದೆಂದು ರೋಗಿಗಳಿಗೆ ನಾನು ಮಗ್ಗದ ಉದಾಹರಣೆ ಕೊಡುತ್ತೇನೆ. ಕರೆಂಟ್ ಹೋಗಿ ಬಂದಾಗ ಬೀದಿಯಲ್ಲಿ ಯಾರ ಮನೆಯ ಮಗ್ಗ ಮೊದಲು ಶುರುವಾಯಿತು ಎಂದು ನೇಕಾರರ ಬೀದಿಯವರು ಮನೆಯೊಳಗೆ ಕೂತೇ ಹೇಳುತ್ತಾರೆ. ಸದ್ದು ನಮ್ಮ ಕಡೆಗೆ ಬರುತ್ತಿದೆಯೋ ನಮ್ಮಿಂದ ಆಚೆ ಹೋಗುತ್ತಿದೆಯೋ ಎಂಬುದು ಕಿವಿಗೆ ಗೊತ್ತಾಗುತ್ತದೆ. ಇಸಿಜಿಯೂ ಹಾಗೇ. ಕೈಕಾಲಿಗೆ ಹಾಕಿದ ಕ್ಲಿಪ್ಪುಗಳು, ಎದೆಗೆ ಅಂಟಿಸಿದ ರಬ್ಬರ್ ಬಲ್ಬುಗಳು ಸೇರಿ ಹೃದಯವನ್ನು ಹನ್ನೆರಡು ಕಡೆಯಿಂದ ಕೇಳಿಸಿಕೊಳ್ಳುತ್ತವೆ. ಆ ಒಂದೊಂದು ಕಡೆಗೂ ಲೀಡು ಎಂದು ಹೆಸರು. ವಿದ್ಯುತ್ತು ತನ್ನ ಕಡೆಗೆ ಬಂದರೆ ಗೆರೆ ಮೇಲಕ್ಕೇಳುತ್ತದೆ, ಆಚೆ ಹೋದರೆ ಕೆಳಗಿಳಿಯುತ್ತದೆ. ತಪ್ಪು ಬಡಿತವೊಂದು ಹೃದಯದ ಯಾವ ಮೂಲೆಯಲ್ಲಿ ಹುಟ್ಟುತ್ತಿದೆ ಎಂಬುದನ್ನು ಆ ಏರಿಳಿತದಿಂದ ಊಹಿಸಬಹುದು. ಒಂದೇ ಷರತ್ತು, ಕೇಳಿಸಿಕೊಳ್ಳುವವರು ನಿಲ್ಲಬೇಕಾದ ಜಾಗದಲ್ಲೇ ನಿಂತಿರಬೇಕು.

ಸಿಸ್ಟರ್ ಕಾಗದದಲ್ಲಿ ಒಂದು ಬಿಟ್ಟು ಒಂದು ಬಡಿತವೆಲ್ಲ ತಪ್ಪು ಬಡಿತ. ಕಾಲಿನ ಕಡೆಯ ಲೀಡುಗಳಲ್ಲಿ ಅವು ಎತ್ತರವಾಗಿ ಎದ್ದು ನಿಂತಿದ್ದವು. ಅಂದರೆ ಹೃದಯದ ಮೇಲ್ಭಾಗದಲ್ಲಿ ಹುಟ್ಟಿ ಕೆಳಕ್ಕೆ ಇಳಿಯುತ್ತಿವೆ. ಎದೆಯ ಮೊದಲ ಲೀಡುಗಳಲ್ಲಿ ಅವು ಪೂರ್ತಿ ಕೆಳಮುಖ. ನಾಲ್ಕನೆಯದಕ್ಕೆ ಬಂದ ಮೇಲಷ್ಟೇ ಮೇಲ್ಮುಖ. ಅಂದರೆ ಬಲಭಾಗದಿಂದ, ಶ್ವಾಸಕೋಶಕ್ಕೆ ರಕ್ತ ಹೊರಡುವ ದಾರಿಯ ಗೋಡೆಯಿಂದ. ತಪ್ಪು ಬಡಿತ ಹುಟ್ಟಲೇಬೇಕಿದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ತೊಡೆಯ ರಕ್ತನಾಳದಿಂದ ತಂತಿ ಹಾಕಿ ಆ ಚುಕ್ಕೆಯನ್ನು ಸುಟ್ಟರೆ ಮುಗಿಯಿತು.

"ಒಳ್ಳೆ ಜಾಗ ಸಿಸ್ಟರ್" ಅಂದೆ.

"ನೀವೇ ಒಳ್ಳೇದು ಅಂದ್ರಾ? ಹಂಗಾದ್ರೆ ಇವತ್ತು ಮಳೆ ಬರುತ್ತೆ ಬಿಡಿ."

ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದಾಗ ಹೃದಯದ ಹಿಂಡುವ ಶಕ್ತಿ ಕಡಿಮೆಯಾಗಿತ್ತು. ಅರ್ಧ ಬಡಿತ ವ್ಯರ್ಥವಾಗುತ್ತಿದ್ದರೆ ಸ್ನಾಯು ಸೋಲದೇ ಇನ್ನೇನು ಮಾಡೀತು? ಆದರೆ ಮೂಲ ಸುಟ್ಟರೆ ಅದು ಚೇತರಿಸಿಕೊಳ್ಳುತ್ತದೆ. ಇಂಥ ಕೆಲಸದಲ್ಲೇ ಪಳಗಿದ ನನ್ನ ಸಹಪಾಠಿಯೊಬ್ಬ ಬೆಂಗಳೂರಿನಲ್ಲಿದ್ದಾನೆ. ಕಾಗದದ ಫೋಟೋ ತೆಗೆದು ಅವನಿಗೆ ಕಳಿಸಿದೆ. "ಸುಲಭದ್ದು ಗುರು, ಕಳ್ಸು" ಅಂದ.

ಅಲ್ಲಿ ಸುಲಭವಾಗಲಿಲ್ಲ. ಮೇಜಿನ ಮೇಲೆ ಮಲಗಿಸಿ ಅರೆನಿದ್ದೆಯ ಇಂಜೆಕ್ಷನ್ ಕೊಟ್ಟ ತಕ್ಷಣ ತಪ್ಪು ಬಡಿತಗಳು ಮಾಯ. ಇದು ಅಪರೂಪವೇನಲ್ಲ, ರಿಪೇರಿಯವನ ಮುಂದೆ ಮಿಕ್ಸಿ ಸರಿಯಾಗಿ ತಿರುಗುವ ಹಾಗೆ. ಆಗ ಅವರ ಮುಂದೆ ಉಳಿಯುವುದು ಹಳೆಯ ಇಸಿಜಿ ಕಾಗದ ಒಂದೇ. ತಂತಿಯ ತುದಿಯಿಂದ ಹೃದಯದ ಒಂದೊಂದು ಚುಕ್ಕೆಯನ್ನೂ ಕುಟುಕಿ, ಅಲ್ಲಿಂದ ಹುಟ್ಟುವ ಕೃತಕ ಬಡಿತದ ಆಕಾರ ಕಾಗದದ ಆಕಾರಕ್ಕೆ ಹೋಲುತ್ತದೆಯೇ ಎಂದು ನೋಡುತ್ತಾ ಹೋಗುತ್ತಾರೆ. ಬಲಗಡೆ ಒಂದು ಜಾಗ ಬಹುಮಟ್ಟಿಗೆ ಹೋಲಿತು. ಅಲ್ಲಿ ಸುಟ್ಟರು.

ಡಾಕ್ಟರು ಹೇಳಿದ್ದಕ್ಕಿಂತ ಬೇಗ ಸಿಸ್ಟರ್ ಡ್ಯೂಟಿಗೆ ಬಂದರು. ಕೆಲವು ದಿನ ನಾಡಿ ಸೊಗಸಾಗಿತ್ತು. ಆಮೇಲೆ ಮತ್ತೆ ಒಂದು ಬಡಿತ, ಒಂದು ಖಾಲಿ. ಎಕೋದಲ್ಲಿ ಹಿಂಡುವ ಶಕ್ತಿ ಇನ್ನೂ ಕೆಳಗಿಳಿದಿತ್ತು.

ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಬಿಟ್ಟ ಮೇಲೆ ಬರುವ ರೋಗಿಗಳ ಗುಂಪು ಕರಗಿದ ಒಂದು ಸಂಜೆ, ಅವರ ಕಾಗದವನ್ನು ಮತ್ತೆ ಮುಂದಿಟ್ಟುಕೊಂಡು ಕೂತೆ. ತಪ್ಪು ಬಡಿತಗಳನ್ನು ನೋಡಿ ನೋಡಿ ಸಾಕಾಗಿ, ಬೇಸರಕ್ಕೆಂಬಂತೆ ನಡುವಿನ ಸರಿ ಬಡಿತಗಳನ್ನು ನೋಡಿದೆ. ಸರಿ ಇದ್ದದ್ದನ್ನು ಯಾರು ನೋಡುತ್ತಾರೆ? ಪ್ರತಿ ಬಡಿತಕ್ಕೂ ಮುಂಚೆ ಒಂದು ಪುಟ್ಟ ಉಬ್ಬು ಇರುತ್ತದೆ, ಹೃದಯದ ಮೇಲಿನ ಕೋಣೆಗಳದ್ದು. ಎದೆಯ ಮೊದಲೆರಡು ಲೀಡುಗಳಲ್ಲಿ ಅದು ತಲೆಕೆಳಗಾಗಿತ್ತು. ಬಲ್ಬುಗಳನ್ನು ಇಡಬೇಕಾದ್ದಕ್ಕಿಂತ ಮೇಲೆ, ಕತ್ತಿನ ಕಡೆಗೆ ಇಟ್ಟಾಗ ಹಾಗಾಗುತ್ತದೆ. ಹೃದಯದ ಮೇಲ್ಭಾಗದಿಂದ ಇಳಿದು ಬರುವ ಬಡಿತಕ್ಕೆ ಕಿವಿಗೊಡುವವನು ತಾನೂ ಮೇಲೇ ನಿಂತಿದ್ದರೆ ಸದ್ದು ಆಚೆ ಹೋಗುತ್ತಿರುವಂತೆಯೇ ಕೇಳುತ್ತದೆ. ಎಡಗಡೆ ಹುಟ್ಟಿದ್ದು ಬಲಗಡೆ ಹುಟ್ಟಿದಂತೆ ಕಾಣುತ್ತದೆ.

ಮೇಲೆ ಇಡುವುದು ನಮ್ಮಲ್ಲಿ ಹೊಸದಲ್ಲ. ಹೆಂಗಸರಿಗೆ ಇಸಿಜಿ ಮಾಡುವಾಗ ಮಲಗಿದವರಿಗೂ ಸಂಕೋಚ, ಹಾಕುವವರಿಗೂ ಸಂಕೋಚ. ರವಿಕೆಯ ಕುತ್ತಿಗೆ ಎಷ್ಟು ಬಿಟ್ಟಿದೆಯೋ ಅಷ್ಟರಲ್ಲೇ ಬಲ್ಬು ಕೂರುತ್ತದೆ. ನನಗೆ ಅರ್ಥವಾಗದೆ ಹೋದದ್ದು ಬೇರೆ. ಈ ಕೆಟ್ಟ ಅಭ್ಯಾಸವನ್ನು ನಮ್ಮ ಆಸ್ಪತ್ರೆಯಿಂದ ಓಡಿಸಿದವರೇ ದೊಡ್ಡ ಸಿಸ್ಟರ್. "ಹೃದಯ ಇರೋ ಕಡೆ ಹಾಕ್ರೇ, ಕತ್ತಲ್ಲಿ ಯಾರಿಗೂ ಹೃದಯ ಇರಲ್ಲ" ಎಂದು ಹೊಸ ಹುಡುಗಿಯರಿಗೆ ಬೈದು, ಎದೆಮೂಳೆಯ ಗಂಟಿನಿಂದ ಪಕ್ಕೆಲುಬು ಎಣಿಸುವುದನ್ನು ಬೆರಳು ಹಿಡಿದು ಕಲಿಸುತ್ತಿದ್ದವರು. ಅವರು ತಮಗೇ ತಾವು ತಪ್ಪು ಹಾಕಿಕೊಳ್ಳುತ್ತಾರೆಯೇ?

ಸಹಪಾಠಿಗೆ ಫೋನ್ ಮಾಡಿದೆ.

"ನಿಮ್ಮಲ್ಲಿ ಎದೆ ಲೀಡು ಎಲ್ಲಿ ಹಾಕಿದ್ರೋ?"

"ಸ್ವಲ್ಪ ಮೇಲೇ ಹಾಕಿದ್ವಿ ಕಣೋ. ಇನ್ನೇನ್ಮಾಡೋದು, ಎದೆ ಮೇಲೆ ಡ್ರೆಸ್ಸಿಂಗ್ ಇತ್ತಲ್ಲ."

"ಯಾವ ಡ್ರೆಸ್ಸಿಂಗು?"

"ಕುರು ಆಗಿದೆ, ಒಡೆದಿದೆ, ನಾನೇ ದಿನಾ ಕ್ಲೀನ್ ಮಾಡ್ಕೋತೀನಿ, ಬಿಚ್ಬೇಡಿ ಅಂದ್ರು. ಸೀನಿಯರ್ ನರ್ಸು, ನಮ್ಮ ಹುಡುಗ್ರು ಸುಮ್ಮನಾದ್ರು. ಯಾಕೋ? ನಿಂಗ್ ಗೊತ್ತಿರ್ಲಿಲ್ವಾ?"

ಊರಿನವರ ಎಲ್ಲ ಕಾಯಿಲೆಗೂ ಮುಂಗಡವಾಗಿ ಚಿಂತೆ ಮಾಡಿಟ್ಟವನು ನಾನು. ಈ ಒಂದು ಚಿಂತೆ ನನ್ನ ದಾಸ್ತಾನಿನಲ್ಲಿ ಇರಲಿಲ್ಲ.

ಮಾರನೆಯ ದಿನ ಡ್ರೆಸ್ಸಿಂಗ್ ಕೋಣೆಗೆ ಹೋದೆ. ಸಿಸ್ಟರ್ ಗಾಜ್ ಬಟ್ಟೆ ಮಡಿಸಿ ಡ್ರಮ್ಮಿಗೆ ತುಂಬುತ್ತಿದ್ದರು. ಏನು ಕೇಳಬೇಕೆಂದು ದಾರಿಯುದ್ದಕ್ಕೂ ತಯಾರಾಗಿದ್ದೆ. ಬಾಯಿಗೆ ಬಂದದ್ದು ಮಾತ್ರ, "ಕುರು ಹೇಗಿದೆ ಸಿಸ್ಟರ್?"

ಅವರ ಕೈ ನಿಲ್ಲಲಿಲ್ಲ. ಇನ್ನೊಂದು ಬಟ್ಟೆ ಮಡಿಸಿದರು.

"ಬೆಂಗಳೂರಿಂದ ಫೋನ್ ಬಂತಾ?"

"ನಾನೇ ಮಾಡ್ದೆ."

"ಕುರು ಅಲ್ಲ ಅಂತ ನಿಮಗೂ ಗೊತ್ತು, ನಂಗೂ ಗೊತ್ತು. ಮತ್ಯಾಕ್ ಸಾರ್ ಕೇಳ್ತೀರಾ?"

"ಎಷ್ಟು ದಿನ ಆಯ್ತು?"

"ಮೊದ್ಲು ಗೋಲಿ ಥರ ಇತ್ತು." ಡ್ರಮ್ಮಿನ ಮುಚ್ಚಳ ಹಾಕಿದರು. "ಗೊತ್ತಾಗ್ಲಿಲ್ಲ ಅಂತಲ್ಲ ಸಾರ್. ಗೊತ್ತಾಗಿದ್ದಕ್ಕೇ ತೋರಿಸ್ಲಿಲ್ಲ. ತೋರಿಸೋ ತನಕ ನಾನು ಸಿಸ್ಟರ್ರು. ತೋರಿಸಿದ ದಿನದಿಂದ ಬೆಡ್ ನಂಬರ್ರು. ಎಷ್ಟು ಜನಾನ ನೋಡಿಲ್ಲ ನಾವು?"

"ಮನೇಲಿ?"

"ಅವರಿಗೆ ಶಿಫ್ಟ್ ಮುಗಿಸಿ ಬಂದು ನಿದ್ದೆ ಮಾಡೋಕೇ ಟೈಮಿಲ್ಲ. ಪಾಪ, ಅವರಿಗ್ಯಾಕೆ."

ನನಗೆ ಹೇಳಲು ಬಂದದ್ದೆಲ್ಲ ಬೈಗುಳವಾಗಿತ್ತು, ಬೈಯುವುದು ನನ್ನ ಇಲಾಖೆಯಲ್ಲ. ಕೊನೆಗೆ ಅವರೇ, "ಆಯ್ತು ಬಿಡಿ, ಡಾಕ್ಟರಮ್ಮನ್ನ ಕರೀರಿ, ತೋರಿಸ್ತೀನಿ. ನೀವು ಹಂಗೆ ನಿಂತ್ಕೋಬೇಡಿ, ಬಿಪಿ ಏರುತ್ತೆ" ಅಂದರು.

ಹೆರಿಗೆ ವಿಭಾಗದ ಡಾಕ್ಟರಮ್ಮ ಪರೀಕ್ಷೆ ಮಾಡಿ ಹೊರಗೆ ಬಂದು ಹೇಳಿದರು. ಗಡ್ಡೆ ಎಡಸ್ತನದ ಒಳಬದಿಯಲ್ಲಿ, ಎದೆಮೂಳೆಗೆ ಅಂಟಿಕೊಂಡಂತೆ, ಸರಿಯಾಗಿ ಬಲ್ಬುಗಳು ಕೂರಬೇಕಾದ ಜಾಗದಲ್ಲೇ ಇತ್ತು. ಕಂಕುಳಿನಲ್ಲೂ ಗಂಟುಗಳಿದ್ದವು. ಬಯಾಪ್ಸಿಯಾಯಿತು, ಬೆಂಗಳೂರಿನ ಕ್ಯಾನ್ಸರ್ ಡಾಕ್ಟರನ್ನು ನೋಡಿದ್ದಾಯಿತು. ಸ್ಕ್ಯಾನಿನಲ್ಲಿ ಬೇರೆಲ್ಲೂ ಹರಡಿದಂತೆ ಕಾಣಲಿಲ್ಲ. ಆ ಡಾಕ್ಟರು ನೇರವಾಗಿ ಹೇಳಿದರು: ಈ ಕಾಯಿಲೆಗೆ ಕೊಡಬೇಕಾದ ಮುಖ್ಯ ಔಷಧಿ ಹೃದಯಕ್ಕೆ ಪೆಟ್ಟು ಕೊಡುತ್ತದೆ. ಈಗಿರುವ ಹೃದಯ ಅದನ್ನು ತಡೆಯುವುದಿಲ್ಲ. ಸೌಮ್ಯವಾದದ್ದನ್ನು ಈಗಲೇ ಶುರು ಮಾಡಬಹುದು, ಅದರ ಮೇಲೆ ತಮಗೆ ಅಷ್ಟು ಭರವಸೆ ಇಲ್ಲ. ಇಲ್ಲವೇ ಮೊದಲು ಹೃದಯ ಸರಿಮಾಡಿಕೊಂಡು ಬನ್ನಿ, ಆದರೆ ಬೇಗ.

ವಾಪಸ್ ಬರುವಾಗ ಕಾರಿನಲ್ಲಿ ಸಿಸ್ಟರ್ ಯಜಮಾನರು ಮುಂದಿನ ಸೀಟಿನಲ್ಲಿ ಫ್ಯಾಕ್ಟರಿ ಸಮವಸ್ತ್ರದಲ್ಲೇ ಕೂತಿದ್ದರು. ಅವರಿಗೆ ವಿಷಯ ಗೊತ್ತಾಗಿ ಇನ್ನೂ ವಾರವಾಗಿರಲಿಲ್ಲ. ಮಾಕಳಿದುರ್ಗದ ಕಡೆಯ ಹೊಲದ ಮನೆಯವರು, ಮಾತು ಕಡಿಮೆ.

"ಏನ್ಮಾಡೋದು ಡಾಕ್ಟ್ರೇ?" ಅಂದರು.

ನನಗೆ ಎರಡೂ ಭಯವಾಗಿತ್ತು. ಯಾವುದನ್ನು ಆರಿಸಿದರೂ ಇನ್ನೊಂದನ್ನು ಆರಿಸಬೇಕಿತ್ತು ಅನ್ನಿಸುವುದು ಖಂಡಿತವಿತ್ತು. ಹಿಂದಿನ ಸೀಟಿನಿಂದ ಸಿಸ್ಟರ್ ತೀರ್ಮಾನ ಕೊಟ್ಟರು.

"ಅರ್ಧ ಔಷಧಿ ಬೇಡ. ಎದೆ ಸರಿ ಮಾಡ್ಕೊಂಡೇ ಹೋಗೋಣ. ಸಾರ್, ಈ ಸಲ ಅಡ್ರೆಸ್ ಸರಿಯಾಗಿ ಹುಡುಕಿ."

ಎರಡನೇ ಇಸಿಜಿಗೆ ನಾನು ಪರದೆಯ ಈಚೆ ನಿಂತೆ. ಒಳಗೆ ಅವರೇ ತಯಾರು ಮಾಡಿದ ಚಿಕ್ಕ ಸಿಸ್ಟರ್. ಗಾಯದ ಮೇಲೆ ಒತ್ತದಂತೆ ಈ ಸಲ ಬಲ್ಬಿನ ಬದಲು ಅಂಟಿನ ಸ್ಟಿಕ್ಕರುಗಳು. ಡ್ರೆಸ್ಸಿಂಗ್ ಬಿಚ್ಚಿದ ಸದ್ದು, ಆಮೇಲೆ ಮೂಗು ಎಳೆದುಕೊಂಡ ಸದ್ದು.

"ಯಾಕೇ ಅಳ್ತೀಯಾ?"

"ಅಕ್ಕಾ, ಇಷ್ಟು ದಿನ ಹೆಂಗಕ್ಕಾ ತಡ್ಕೊಂಡ್ರಿ?"

"ಅಳೋದು ಆಮೇಲೆ ಅಳೀವಂತೆ. ಈಗ ಪಕ್ಕೆ ಎಣಿಸು. ಎದೆಮೂಳೆ ಗಂಟು ಸಿಕ್ತಾ? ಅದರ ಪಕ್ಕದ್ದು ಎರಡನೇದು. ಇಳಿ ಕೆಳಗೆ."

"ನೋವಾಗುತ್ತಕ್ಕಾ."

"ನೋವು ನಂದು ಕಣೇ. ನೀನು ಇಳಿ."

ಆಮೇಲೆ ಯಂತ್ರದ ಸದ್ದು. ಪರದೆಯ ಸಂದಿನಿಂದ ಕಾಗದ ಹಿಡಿದ ಕೈ ಈಚೆ ಬಂತು.

ತಲೆಕೆಳಗಾಗಿದ್ದ ಆ ಪುಟ್ಟ ಉಬ್ಬು ಎದೆಯ ಎರಡನೇ ಲೀಡಿನಲ್ಲಿ ನೆಟ್ಟಗಾಗಿತ್ತು. ಮೊದಲ ಲೀಡುಗಳಲ್ಲೇ ತಪ್ಪು ಬಡಿತ ದಪ್ಪಗೆ ತಲೆಯೆತ್ತಿತ್ತು. ಮೂರನೆಯದಕ್ಕೆ ಬರುವಷ್ಟರಲ್ಲಿ ಪೂರ್ತಿ ಮೇಲ್ಮುಖ. ಬಲಗಡೆಯಲ್ಲ, ಎಡಗಡೆ. ದೇಹಕ್ಕೆಲ್ಲ ರಕ್ತ ಒಯ್ಯುವ ಮಹಾಧಮನಿಯ ಬುಡದಲ್ಲಿ, ಕವಾಟದ ಬಟ್ಟಲಿನಂಥ ಎಸಳಿನ ಹತ್ತಿರ. ಫೋಟೋ ಕಳಿಸಿದೆ. ಸಹಪಾಠಿ ಆಮೇಲೆ ಫೋನ್ ಮಾಡಿ, "ನಾವು ಪಕ್ಕದ ಮನೆ ಬಾಗಿಲು ಒಡೆದಿದೀವಿ ಗುರು" ಅಂದ. ಹೃದಯಕ್ಕೇ ರಕ್ತ ಕೊಡುವ ನಾಳದ ಬಾಯಿ ಅದರ ಪಕ್ಕದಲ್ಲೇ ಇರುತ್ತದೆ, ಅಲ್ಲಿ ಕೈ ತಪ್ಪಿದರೆ ಕತೆ ಮುಗಿದಂತೆ ಎಂದೂ ಹೇಳಿದ. ನನಗೆ ಅದನ್ನು ಹೇಳದಿದ್ದರೂ ನಡೆಯುತ್ತಿತ್ತು.

ಎರಡನೇ ಸಲ ನಾನೂ ಹೋದೆ. ಗಾಜಿನ ಈಚೆ, ಕಂಪ್ಯೂಟರ್ ಪರದೆಗಳ ಮುಂದೆ ನನಗೊಂದು ಕುರ್ಚಿ ಕೊಟ್ಟರು. ಈ ಸಲ ನಿದ್ದೆಯ ಇಂಜೆಕ್ಷನ್ ಕೊಡಲಿಲ್ಲ. ಸಿಸ್ಟರ್ ಪೂರ್ತಿ ಎಚ್ಚರವಾಗಿ ಮಲಗಿದ್ದರು. ಆದರೂ ತಪ್ಪು ಬಡಿತ ಬರಲಿಲ್ಲ. ಹೃದಯದ ಓಟ ಹೆಚ್ಚಿಸುವ ಡ್ರಿಪ್ ಹಾಕಿದರು. ಅಲ್ಲೊಂದು ಇಲ್ಲೊಂದು ಬಂದು ನಿಂತಿತು. ಸಹಪಾಠಿ ತಂತಿ ಹಿಡಿದುಕೊಂಡೇ ಮೈಕಿನಲ್ಲಿ ಅಂದ:

"ಗುರು, ಅವರಿಗೆ ಸ್ವಲ್ಪ ಕೋಪ ಬರ್ಸು."

"ನಾನಾ?"

"ಮತ್ತೆ ನಾನಾ? ನೀನೇ ತಾನೇ ಅವರ ಬಾಸು."

"ಅವರೇ ನನ್ನ ಬಾಸು ಕಣೋ."

ಆದರೂ ಮೈಕಿನ ಗುಂಡಿ ಒತ್ತಿದೆ. ಗಂಟಲು ಸರಿಮಾಡಿಕೊಂಡೆ. "ಸಿಸ್ಟರ್, ನಿನ್ನೆ ನಮ್ಮ ಚಿಕ್ಕ ಸಿಸ್ಟರ್ ಸೂಜಿ ಡಬ್ಬಿಗೆ ಬಾಳೆಹಣ್ಣಿನ ಸಿಪ್ಪೆ ಹಾಕಿದ್ಲಂತೆ."

ಆಮೇಲೆ ಒಳಗಿನಿಂದ, "ಯಾವ ಡಬ್ಬಿಗೆ ಸಾರ್? ಬಿಳೀದಕ್ಕಾ? ನೀವು ನೋಡ್ಕೊಂಡು ಸುಮ್ನಿದ್ರಾ?"

ಪರದೆಯ ತುಂಬ ತಪ್ಪು ಬಡಿತಗಳು ಅರಳಿದವು. ನನ್ನ ವೃತ್ತಿಜೀವನದಲ್ಲಿ ಇಷ್ಟು ಫಲ ಕೊಟ್ಟ ಸುಳ್ಳು ಇನ್ನೊಂದಿಲ್ಲ.

ತೊಡೆಯ ಧಮನಿಯಿಂದ ಏರಿದ ತಂತಿ ಕವಾಟದ ಎಡ ಎಸಳಿನ ಬುಡಕ್ಕೆ ತಾಗಿದಾಗ, ತಪ್ಪು ಬಡಿತಕ್ಕಿಂತ ಮುಂಚೆಯೇ ಒಂದು ಚೂಪಾದ ಗೀಟು ಕಾಣಿಸಿತು. ಬಡಿತ ಹುಟ್ಟುತ್ತಿರುವುದು ಇಲ್ಲೇ, ಇದಕ್ಕಿಂತ ಮುಂಚೆ ಇನ್ನೆಲ್ಲೂ ಸದ್ದಿಲ್ಲ ಎನ್ನುವುದಕ್ಕೆ ಗುರುತು ಅದು. ಬಣ್ಣದ ದ್ರವ ಬಿಟ್ಟು ಚಿತ್ರ ತೆಗೆದು, ರಕ್ತನಾಳದ ಬಾಯಿ ಸಾಕಷ್ಟು ದೂರವಿದೆಯೆಂದು ಖಚಿತ ಮಾಡಿಕೊಂಡರು. ಸುಡಲು ಶುರುಮಾಡಿದಾಗ ಒಂದಷ್ಟು ಬಡಿತಗಳು ಗಾಬರಿಬಿದ್ದಂತೆ ಒಟ್ಟಿಗೆ ನುಗ್ಗಿ ಬಂದವು. ಆಮೇಲೆ ನಿಂತವು. ಡ್ರಿಪ್ ಏರಿಸಿದರೂ ಬರಲಿಲ್ಲ. ಸಿಪ್ಪೆಯ ಮಾತು ಮತ್ತೆ ತೆಗೆದರೂ ಬರಲಿಲ್ಲ. ಸಿಸ್ಟರ್ ಮಾತ್ರ ಹೊರಗೆ ಬರುವವರೆಗೂ ಬೈಯುತ್ತಲೇ ಇದ್ದರು.

ಹೃದಯ ನಿಧಾನವಾಗಿ ಬಲ ತುಂಬಿಕೊಂಡಿತು. ಪ್ರತಿ ಎಕೋದಲ್ಲೂ ಒಂದಿಷ್ಟು ಮೇಲಕ್ಕೆ. ಕ್ಯಾನ್ಸರ್ ಡಾಕ್ಟರು ಒಪ್ಪುವ ಮಟ್ಟಕ್ಕೆ ಬರಲು ತಿಂಗಳುಗಳು ಹಿಡಿದವು. ಅಷ್ಟರಲ್ಲಿ ಸಿಸ್ಟರ್ ಔಷಧಿ ದಾಸ್ತಾನಿನ ಮೇಜಿಗೆ ವರ್ಗವಾಗಿ, ಅಲ್ಲಿ ಕೂತೇ ಇಡೀ ಆಸ್ಪತ್ರೆ ನಡೆಸುತ್ತಿದ್ದರು. ಮುಖ್ಯ ಔಷಧಿ ಶುರುವಾಯಿತು. ಕೂದಲು ಹೋಯಿತು. "ಜಡೆ ಹಾಕೋ ಕೆಲಸ ತಪ್ತು" ಅಂದರು. ಎರಡನೇ ಸುತ್ತಿನ ಹೊತ್ತಿಗೆ ಬೆನ್ನುನೋವು ಶುರುವಾಯಿತು. ಈ ಸಲ ಅವರೇ ಬಂದು ಹೇಳಿದರು, "ಗ್ಯಾಸ್ಟ್ರಿಕ್ಕಲ್ಲ ಸಾರ್" ಎಂದು. ಸ್ಕ್ಯಾನಿನಲ್ಲಿ ಬೆನ್ನುಮೂಳೆಯಲ್ಲೂ ಯಕೃತ್ತಿನಲ್ಲೂ ಇತ್ತು. ಹೃದಯಕ್ಕೆ ಬೇಕಾದ ಕಾಲ ಹೃದಯ ತೆಗೆದುಕೊಂಡಿತ್ತು. ಅದೇ ಕಾಲವನ್ನು ಕಾಯಿಲೆಯೂ ತೆಗೆದುಕೊಂಡಿತ್ತು. ಅಂದು ಕಾರಿನಲ್ಲಿ ಇನ್ನೊಂದನ್ನು ಆರಿಸಿದ್ದರೆ ಏನಾಗುತ್ತಿತ್ತೆಂದು ಕ್ಯಾನ್ಸರ್ ಡಾಕ್ಟರನ್ನು ಕೇಳಿದೆ. "ಗೊತ್ತಿಲ್ಲ" ಅಂದರು. ಅವರು ಪ್ರಾಮಾಣಿಕರು. ನಾನು ಈಗಲೂ ಕೇಳಿಕೊಳ್ಳುತ್ತಿರುತ್ತೇನೆ, ಕೇಳಿಕೊಳ್ಳುವುದು ನನ್ನ ಸ್ವಭಾವ.

ಕೊನೆಗೆ ಅವರು ಮಲಗಿದ್ದು ನಮ್ಮ ವಾರ್ಡಿನಲ್ಲೇ, ಕಿಟಕಿಯ ಪಕ್ಕದ ಹಾಸಿಗೆಯಲ್ಲಿ. ಮೂತ್ರ ನಿಂತಿತ್ತು, ಮಾತು ನಿಂತಿತ್ತು. ಮಾನಿಟರಿನಲ್ಲಿ ಮಾತ್ರ ಬಡಿತಗಳು ಒಂದರ ಹಿಂದೊಂದು, ಅಳತೆ ಹಿಡಿದು ಇಟ್ಟಂತೆ ಹೋಗುತ್ತಿದ್ದವು. ಪಾಠದ ಪುಸ್ತಕದಲ್ಲಿ ಅಚ್ಚು ಹಾಕಬಹುದಾದಂಥ ಗೆರೆ.

ಬೆಳಗಿನ ಶಿಫ್ಟ್ ಮುಗಿಸಿ ಅವರ ಯಜಮಾನರು ಬಂದರು. ಹೆಂಡತಿಯ ಮುಖ ನೋಡಿದರು, ಆಮೇಲೆ ಗೆರೆ ನೋಡಿದರು.

"ಗೆರೆ ಚೆನ್ನಾಗೇ ಓಡ್ತಾ ಐತಲ್ಲ ಡಾಕ್ಟ್ರೇ."

"ಓಡ್ತಾ ಇದೆ."

"ಹಂಗಾದ್ರೆ..." ಅಂದು ನಿಲ್ಲಿಸಿದರು.

ಉಳಿದದ್ದೆಲ್ಲ ನಿಂತ ಮೇಲೂ ಹೃದಯ ಒಂದಷ್ಟು ಹೊತ್ತು ತನ್ನ ಕೆಲಸ ಮಾಡಿಕೊಂಡಿರುತ್ತದೆ, ಅದರಿಂದ ಏನೂ ಆಸೆ ಇಟ್ಟುಕೊಳ್ಳಬಾರದು ಎಂದು ಹೇಳುವುದು ನನ್ನ ಕರ್ತವ್ಯ. ಅದನ್ನೇ ಹೇಳಿದೆ, ನನಗೆ ಬಂದಷ್ಟು ಮೆತ್ತಗೆ. ಅವರು ಕೇಳಿಸಿಕೊಂಡರು. ಗೆರೆಯಿಂದ ಕಣ್ಣು ತೆಗೆಯಲಿಲ್ಲ.

"ಈಗ ಎಲ್ಲಿಂದ ಬರ್ತಾ ಐತೆ ಡಾಕ್ಟ್ರೇ, ಬಡಿತ?"

"ಎಲ್ಲಿಂದ ಬರ್ಬೇಕೋ ಅಲ್ಲಿಂದ್ಲೇ ಬರ್ತಾ ಇದೆ."

ಅವರು ತಲೆಯಾಡಿಸಿ, ಸ್ಟೂಲ್ ಎಳೆದುಕೊಂಡು ಹಾಸಿಗೆಯ ಪಕ್ಕ ಕೂತರು. ಇಂಥ ಹೊತ್ತಿನಲ್ಲಿ ಮಾನಿಟರ್ ತಿರುಗಿಸಿಡುವುದು ನಮ್ಮಲ್ಲಿ ವಾಡಿಕೆ. ನಾನು ಕೈ ಚಾಚಿ, ಹಾಗೇ ಬಿಟ್ಟೆ. ಮಾರನೆಯ ದಿನ ಮಧ್ಯಾಹ್ನದವರೆಗೆ ಅವರು ಅದನ್ನು ನೋಡುತ್ತಾ ಕೂತಿದ್ದರು. ಬಡಿತ ನಿಧಾನವಾಗುತ್ತಾ ಹೋಯಿತೇ ಹೊರತು, ಒಂದು ಸಲವೂ ದಾರಿ ತಪ್ಪಲಿಲ್ಲ.